ತಾರಸಿಯ ಮೇಲೊಂದು ಆಂಟೆನಾ: ಅಳೆಯುವುದು, ಕತ್ತರಿಸುವುದು, ಏರಿಸುವುದು

ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ರೇಡಿಯೋ ಕೇಳುವವರಿಗೆ ಈ ಅನುಭವ ಹೊಸದೇನಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ 101.3 ಮೆಗಾಹರ್ಟ್ಸ್‌ನ ಎಫ್‌ಎಂ ರೈನ್‌ಬೋ ತಿಳಿಯಾಗಿ ಕೇಳುತ್ತಿರುತ್ತದೆ. ಅದೇ ಪೆಟ್ಟಿಗೆಯನ್ನು ಮಲಗುವ ಕೋಣೆಗೆ ಒಯ್ದರೆ ಗೊರಗೊರ ಸದ್ದಿನ ನಡುವೆ ಮಾತು ಹುಡುಕಬೇಕಾಗುತ್ತದೆ, ಪಕ್ಕದಲ್ಲಿ ಯಾರಾದರೂ ನಿಂತರೆ ಸರಿಹೋಗುತ್ತದೆ, ಅವರು ಎದ್ದು ಹೋದರೆ ಮತ್ತೆ ಕೆಡುತ್ತದೆ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸವೆಂದರೆ ಸಂಕೇತವನ್ನು ಹಿಗ್ಗಿಸುವ ಒಂದು ಬೂಸ್ಟರ್ ಕೊಂಡು ತರುವುದು. ಅದು ಕಟ್ಟಕಡೆಯಲ್ಲಿ ಯೋಚಿಸಬೇಕಾದ ಉಪಾಯವೆಂಬುದು ನನ್ನ ಅಭಿಪ್ರಾಯ. ಸರಿಯಾದ ಉದ್ದಕ್ಕೆ ಕತ್ತರಿಸಿ, ಸರಿಯಾದ ಎತ್ತರಕ್ಕೆ ಏರಿಸಿದ ಒಂದು ಲೋಹದ ಕೊಳವೆ ಮಾಡುವ ಕೆಲಸವನ್ನು ಯಾವ ಬೂಸ್ಟರೂ ಮಾಡಲಾರದು. ಅದನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನೂ ಅದು ಹಾಗೇಕೆ ಕೆಲಸ ಮಾಡುತ್ತದೆ ಎಂಬುದನ್ನೂ ಇಲ್ಲಿ ವಿವರಿಸಿದ್ದೇನೆ.

ಮೊದಲು ಅಲೆಯ ಉದ್ದ

ರೇಡಿಯೋ ಅಲೆ ಬೆಳಕಿನದೇ ಜಾತಿಯದು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಹಾಗಾಗಿ 300 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಮೀಟರುಗಳಲ್ಲಿ ಸಿಗುತ್ತದೆ. ಆಕಾಶವಾಣಿ ಬೆಂಗಳೂರಿನ ಮಧ್ಯಮ ತರಂಗ ಕೇಂದ್ರದ್ದು 612 ಕಿಲೋಹರ್ಟ್ಸ್, ಅಂದರೆ 0.612 ಮೆಗಾಹರ್ಟ್ಸ್, ಅದರ ಒಂದು ಅಲೆ ಸುಮಾರು 490 ಮೀಟರ್ ಉದ್ದವಿದೆ. 101.3 ಮೆಗಾಹರ್ಟ್ಸ್‌ನ ಅಲೆ 2.96 ಮೀಟರ್. ಮನೆಯ ವೈಫೈ ರೂಟರಿನ ಆರನೆಯ ಚಾನೆಲ್ 2437 ಮೆಗಾಹರ್ಟ್ಸ್‌ನಲ್ಲಿದ್ದು, ಅದರ ಅಲೆ 12.3 ಸೆಂಟಿಮೀಟರ್, ಅಂದರೆ ಗೇಣಿಗಿಂತ ಚಿಕ್ಕದು. ಆಂಟೆನಾದ ಅಳತೆ, ಗೋಡೆ ದಾಟುವ ಶಕ್ತಿ, ಬೆಟ್ಟ ಬಳಸುವ ಗುಣ ಎಲ್ಲವೂ ಬಹುಮಟ್ಟಿಗೆ ಈ ಒಂದು ಸಂಖ್ಯೆಯನ್ನೇ ಅವಲಂಬಿಸಿವೆ.

ಪಕ್ಕದಲ್ಲಿ ಅದೇ ಶ್ರುತಿ ನುಡಿದಾಗ ತಂಬೂರಿಯ ತಂತಿ ತಾನಾಗಿ ಮಿಡಿಯುವಂತೆ, ತರಂಗದೂರದ ಅರ್ಧದಷ್ಟು ಉದ್ದವಿರುವ ಲೋಹದ ಕೊಳವೆಯಲ್ಲಿ ಆ ಅಲೆ ಹಾದಾಗ ಎಲೆಕ್ಟ್ರಾನುಗಳು ಅತ್ತಿಂದಿತ್ತ ಜೋರಾಗಿ ಓಲಾಡುತ್ತವೆ. ಆ ಕೊಳವೆಯನ್ನು ನಡುವೆ ತುಂಡರಿಸಿ, ಎರಡು ತುದಿಗಳಿಗೆ ಕೇಬಲ್ ಜೋಡಿಸಿದರೆ ಓಲಾಟ ವಿದ್ಯುತ್ತಾಗಿ ರೇಡಿಯೋಗೆ ಇಳಿಯುತ್ತದೆ. ಇದೇ ಡೈಪೋಲ್. 1887ರಲ್ಲಿ ಜರ್ಮನಿಯ ಹೈನ್‌ರಿಖ್ ಹರ್ಟ್ಸ್ ರೇಡಿಯೋ ಅಲೆಗಳನ್ನು ಮೊದಲು ಹುಟ್ಟಿಸಿ ಹಿಡಿದದ್ದು ಇದರ ಪೂರ್ವಜದಿಂದಲೇ. ನಮ್ಮ ಪಕ್ಕದ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಲು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹರಡಿದ್ದ ದೂರದರ್ಶಕವೂ ಮೂಲತಃ 1000 ಡೈಪೋಲುಗಳ ಸಾಲೇ ಆಗಿತ್ತು. ತಾರಸಿಯ ಮೇಲೆ ನಾವು ಕಟ್ಟಲಿರುವುದು ಅದರಲ್ಲಿ ಒಂದು ಮಾತ್ರ, ಅದೂ ಮೂರರಲ್ಲೊಂದು ಪಾಲು ಅಳತೆಯದು.

ಡೈಪೋಲ್ ಕಟ್ಟುವ ಬಗೆ

ಬೇಕಾಗುವ ಸಾಮಾನು ಕಡಿಮೆ: 12 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೊಳವೆ ಒಂದೂವರೆ ಮೀಟರ್, ಪಿವಿಸಿ ಪೈಪು ಮತ್ತು ಒಂದು ಟಿ ಜೋಡಣೆ, ಎರಡು ಸ್ಕ್ರೂ, ತಂತಿಯ ತುದಿಗೆ ಅದುಮುವ ಎರಡು ಉಂಗುರದ ಲಗ್ಗು, ಬೇಕಾದಷ್ಟು ಆರ್‌ಜಿ-6 ಕೇಬಲ್. ಈ ಕೇಬಲ್ಲನ್ನು ಟಿವಿ ಡಿಶ್ ಜೋಡಿಸುವವರು ಬಳಸುವುದರಿಂದ ಯಾವ ಬಡಾವಣೆಯ ಅಂಗಡಿಯಲ್ಲಾದರೂ ದೊರೆಯುತ್ತದೆ. ಉಳಿದ ಕನೆಕ್ಟರುಗಳಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರಸ್ತೆಗೆ ಹೋಗಬಹುದು. ಆರ್‌ಜಿ-6ನ್ನು ಆರಿಸಲು ಅಗ್ಗವೆಂಬುದಷ್ಟೇ ಕಾರಣವಲ್ಲ. ಅರ್ಧ ಅಲೆಯ ಡೈಪೋಲ್ ತನ್ನ ನಡುವಿನಲ್ಲಿ ಅಲೆಗೆ ಸುಮಾರು 73 ಓಮ್ ತಡೆ ತೋರುತ್ತದೆ, ಈ ಕೇಬಲ್ಲಿನದು 75 ಓಮ್. ಎರಡೂ ಹೊಂದಿಕೊಳ್ಳುವುದರಿಂದ ಬಂದ ಸಂಕೇತ ಜೋಡಣೆಯಲ್ಲಿ ಹಿಂದಕ್ಕೆ ಪುಟಿಯದೆ ಕೆಳಗಿಳಿಯುತ್ತದೆ.

ಉದ್ದದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಲೋಹದ ತುದಿಗಳ ಪ್ರಭಾವದಿಂದ ಕೊಳವೆ ತನ್ನ ನಿಜವಾದ ಉದ್ದಕ್ಕಿಂತ ತುಸು ಹೆಚ್ಚು ಉದ್ದವಿರುವಂತೆ ವರ್ತಿಸುವುದರಿಂದ, ಅರ್ಧ ಅಲೆಗಿಂತ ಶೇಕಡ 5ರಷ್ಟು ಗಿಡ್ಡವಾಗಿಯೇ ಕತ್ತರಿಸಬೇಕು. ಆದ್ದರಿಂದ 150ರ ಬದಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುವುದು ವಾಡಿಕೆ. 101.3ಕ್ಕೆ ತುದಿಯಿಂದ ತುದಿಗೆ 141 ಸೆಂಟಿಮೀಟರ್ ಬರುತ್ತದೆ. ನಡುವೆ 2 ಸೆಂಟಿಮೀಟರ್ ಬಿಟ್ಟರೆ ಒಂದೊಂದು ತೋಳಿಗೆ 69.5 ಸೆಂಟಿಮೀಟರ್. ಒಂದೇ ಕೇಂದ್ರಕ್ಕೆ ಅಂಟಿಕೊಳ್ಳದೆ 91.1ರಿಂದ ಹಿಡಿದು ಎಲ್ಲವನ್ನೂ ಕೇಳುವ ಆಸೆಯಿದ್ದರೆ, 88ರಿಂದ 108ರವರೆಗಿನ ಪಟ್ಟಿಯ ನಡುಬಿಂದುವಾದ 98ಕ್ಕೆ ಲೆಕ್ಕ ಹಾಕಿ 146 ಸೆಂಟಿಮೀಟರಿಗೆ ಕಟ್ಟುವುದು ಮೇಲು. ತೆಳುವಾದ ತಂತಿಗಿಂತ ದಪ್ಪ ಕೊಳವೆಯನ್ನು ಸೂಚಿಸಿದ್ದೂ ಇದಕ್ಕಾಗಿಯೇ: ದಪ್ಪ ಹೆಚ್ಚಿದಷ್ಟೂ ಆಂಟೆನಾ ಹೆಚ್ಚು ಅಗಲದ ಆವೃತ್ತಿಗಳಿಗೆ ಒಪ್ಪಿಕೊಳ್ಳುತ್ತದೆ.

ಎರಡು ತೋಳುಗಳನ್ನು ಟಿ ಜೋಡಣೆಯ ಎರಡು ಬಾಯಿಗಳಲ್ಲಿ ಒಂದಕ್ಕೊಂದು ತಾಗದಂತೆ ಕೂರಿಸಿ, ಮೂರನೆಯ ಬಾಯಿಗೆ ಕಂಬದ ಪೈಪನ್ನು ಸಿಕ್ಕಿಸಬೇಕು. ಕೇಬಲ್ಲಿನ ನಡುತಂತಿ ಒಂದು ತೋಳಿಗೆ, ಸುತ್ತಲಿನ ಜಾಲರಿ ಇನ್ನೊಂದಕ್ಕೆ. ಇಲ್ಲಿ ಬೆಸುಗೆ ಹಾಕಲು ಹೊರಟು ಬೇಸರಪಟ್ಟವರನ್ನು ಕಂಡಿದ್ದೇನೆ. ಅಲ್ಯೂಮಿನಿಯಂ ಕೊಳವೆಗೆ ಸೀಸದ ಬೆಸುಗೆ ಹಿಡಿಯದು, ಅಗ್ಗದ ಆರ್‌ಜಿ-6ರ ಜಾಲರಿಯೂ ಅಲ್ಯೂಮಿನಿಯಮ್ಮೇ ಆಗಿರುವುದರಿಂದ ಅದಕ್ಕೂ ಹಿಡಿಯದು. ಲಗ್ಗನ್ನು ಅದುಮಿ, ಸ್ಕ್ರೂವಿನಿಂದ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರುವುದೇ ಸರಿಯಾದ ಕ್ರಮ. ತಾಮ್ರವೂ ಅಲ್ಯೂಮಿನಿಯಮ್ಮೂ ಸೇರುವಲ್ಲಿ ತೇವ ಬಿದ್ದರೆ ತುಕ್ಕು ಬೇಗ ಹತ್ತುತ್ತದೆ.

ಜೋಡಣೆಯ ಕೆಳಗೆ ಕೇಬಲ್ಲನ್ನು 15 ಸೆಂಟಿಮೀಟರ್ ಅಗಲದ ಸುರುಳಿಯಾಗಿ ಐದು ಸುತ್ತು ಸುತ್ತಿ ಕಟ್ಟುವುದು ಒಳ್ಳೆಯದು. ಎರಡೂ ತೋಳು ಸಮಾನವಾದ ಆಂಟೆನಾಗೆ ಒಂದು ಬದಿ ಮಾತ್ರ ಭೂಮಿಗಂಟಿದ ಕೇಬಲ್ ಜೋಡಿಸಿದಾಗ, ಕೇಬಲ್ಲಿನ ಹೊರಮೈ ತಾನೂ ಆಂಟೆನಾದಂತೆ ವರ್ತಿಸತೊಡಗಿ, ಮನೆಯೊಳಗಿನ ಗದ್ದಲವನ್ನೆಲ್ಲ ಹೊತ್ತು ತರುತ್ತದೆ. ಈ ಸುರುಳಿ ಅದಕ್ಕೆ ತಡೆ. ಕೇಬಲ್ ತೋಳುಗಳಿಗೆ ಲಂಬವಾಗಿ ಇಳಿಯಬೇಕೇ ಹೊರತು ತೋಳಿನ ಪಕ್ಕದಲ್ಲೇ ಹರಿದು ಹೋಗಬಾರದು. ರೇಡಿಯೋಗೆ ಆಂಟೆನಾ ಸಾಕೆಟ್ ಇಲ್ಲದಿದ್ದರೆ ನಡುತಂತಿಯನ್ನು ಅದರ ಎಳೆಯುವ ಕಡ್ಡಿಗೆ ಮೊಸಳೆ ಕ್ಲಿಪ್ಪಿನಿಂದ ಕಚ್ಚಿಸಿದರೂ ನಡೆಯುತ್ತದೆ. ಮೊಬೈಲಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ಸಿಕ್ಕಿಸಿ ಎಂದು ಅದು ಕೇಳುವುದೂ ಇದೇ ಕಾರಣಕ್ಕೆ: ಆ ವೈರೇ ಅದರ ಆಂಟೆನಾ.

ಇನ್ನು ದಿಕ್ಕು. ಡೈಪೋಲ್ ತನ್ನ ತುದಿಗಳ ನೇರಕ್ಕೆ ಕಿವುಡು, ಎದೆಯ ನೇರಕ್ಕೆ ಚುರುಕು. ಆದ್ದರಿಂದ ಕಂಬವನ್ನು ನಿಧಾನವಾಗಿ ಅರ್ಧ ಸುತ್ತು ತಿರುಗಿಸುತ್ತ, ಒಬ್ಬರು ಕೆಳಗೆ ಕೇಳುತ್ತ, ಚೆನ್ನಾಗಿ ಬರುವ ಜಾಗವನ್ನು ಗುರುತು ಹಾಕಬೇಕು. ಆಮೇಲೆ ತೋಳುಗಳನ್ನು ಮಲಗಿಸುವ ಬದಲು ನಿಲ್ಲಿಸಿಯೂ ನೋಡಬೇಕು. ಕಳಿಸುವ ಆಂಟೆನಾದ ಅಲೆ ಅಡ್ಡಲಾಗಿ ಓಲಾಡುತ್ತಿದ್ದು ನಮ್ಮದು ನಿಂತಿದ್ದರೆ 20 ಡೆಸಿಬೆಲ್‌ನಷ್ಟು, ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು, ಕಳೆದುಹೋಗುವುದುಂಟು. ಊರಿನ ನಡುವೆ ಕಟ್ಟಡಗಳಿಗೆ ಬಡಿದು ಅಲೆ ತಿರುಚಿಕೊಳ್ಳುವುದರಿಂದ ಇಷ್ಟು ಕಟುವಾದ ವ್ಯತ್ಯಾಸ ಯಾವಾಗಲೂ ಕಾಣದು. ಹಾಗಾಗಿಯೇ ಪುಸ್ತಕದ ಮಾತಿಗಿಂತ ಎರಡೂ ಬಗೆಯಲ್ಲಿ ಕೇಳಿ ನೋಡುವುದು ಮುಖ್ಯ.

ಎತ್ತರದ ಲೆಕ್ಕ

ಎಫ್‌ಎಂ ಆವೃತ್ತಿಗಳ ಅಲೆಗಳು ಬಹುಮಟ್ಟಿಗೆ ಕಣ್ಣಳತೆಯ ನೇರದಲ್ಲೇ ಸಾಗುತ್ತವೆ; ಭೂಮಿಯ ಬಾಗಿನಾಚೆಗೆ ಅಷ್ಟಾಗಿ ಇಳಿಯುವುದಿಲ್ಲ. ವಾಯುಮಂಡಲ ಅವನ್ನು ತುಸು ಕೆಳಕ್ಕೆ ಬಾಗಿಸುವುದರಿಂದ ರೇಡಿಯೋ ದಿಗಂತ ಕಣ್ಣಿನ ದಿಗಂತಕ್ಕಿಂತ ಸ್ವಲ್ಪ ದೂರವಿರುತ್ತದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಮೂರು ಅಂತಸ್ತಿನ ಮನೆಯ ತಾರಸಿ, ಅಂದರೆ 12 ಮೀಟರ್, 14 ಕಿಲೋಮೀಟರ್ ಕೊಡುತ್ತದೆ. 100 ಮೀಟರಿನ ಗೋಪುರ 41 ಕಿಲೋಮೀಟರ್ ಕೊಡುತ್ತದೆ. ಎರಡೂ ಸೇರಿದರೆ 55. ಸುತ್ತಲ ನೆಲದಿಂದ ಸುಮಾರು 550 ಮೀಟರ್ ಮೇಲಿರುವ ನಂದಿಬೆಟ್ಟದ ತುದಿಯಿಂದ ಲೆಕ್ಕ ಹಾಕಿದರೆ 97 ಕಿಲೋಮೀಟರ್ ಬರುತ್ತದೆ; ಹವ್ಯಾಸಿ ರೇಡಿಯೋದವರು ಚಿಕ್ಕದೊಂದು ಕೈಸೆಟ್ ಹಿಡಿದು ಬೆಟ್ಟ ಹತ್ತಲು ಹಂಬಲಿಸುವುದು ಇದಕ್ಕೇ.

ದಿಗಂತದ ಒಳಗೂ ಎತ್ತರಕ್ಕೆ ಬೆಲೆಯಿದೆ. ಸಮತಟ್ಟು ನೆಲದ ಮೇಲೆ ನೇರವಾಗಿ ಬಂದ ಅಲೆಯೂ ನೆಲಕ್ಕೆ ಬಡಿದು ಬಂದ ಅಲೆಯೂ ಒಂದನ್ನೊಂದು ಅಳಿಸಿಹಾಕುತ್ತಿರುತ್ತವೆ. ದೂರದ ಕೇಂದ್ರದ ಮಟ್ಟಿಗೆ ಆಂಟೆನಾದ ಎತ್ತರವನ್ನು ಎರಡರಷ್ಟು ಮಾಡಿದರೆ ದೊರೆಯುವ ಶಕ್ತಿ ಸರಿಸುಮಾರು ನಾಲ್ಕರಷ್ಟಾಗುತ್ತದೆ. ಮೂರು ಮೀಟರಿನಲ್ಲಿದ್ದುದನ್ನು ಆರಕ್ಕೆ ಏರಿಸುವುದಕ್ಕೆ ಒಂದು ಪೈಪು ಸಾಕು. ಅದೇ ಲಾಭವನ್ನು ಅತ್ತ ಕಡೆಯಿಂದ ಪಡೆಯಬೇಕಾದರೆ ಪ್ರಸಾರಕೇಂದ್ರ ತನ್ನ ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು.

ಬೆಂಗಳೂರು ಹೊರಗಿನವರಿಗೆ ಸಪಾಟಾಗಿ ಕಂಡರೂ ಹಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರಿನ ಪ್ರಸ್ಥಭೂಮಿಯ ನಡುವೆ ಒಂದು ದಿಣ್ಣೆಯ ಸಾಲು ಹಾದುಹೋಗಿದ್ದು, ಅದರ ಎರಡು ಪಕ್ಕಕ್ಕೂ ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳು ಇಳಿದಿವೆ. ಕೆರೆಯ ಅಂಗಳವನ್ನು ಮುಚ್ಚಿ ಕಟ್ಟಿದ ತಗ್ಗಿನ ಬಡಾವಣೆಯಲ್ಲಿ ಮನೆಯಿದ್ದರೆ, ಮಳೆಗಾಲದಲ್ಲಿ ನೀರು ಬಂದು ನಿಲ್ಲುವಷ್ಟೇ ಸಹಜವಾಗಿ ರೇಡಿಯೋ ನೆರಳೂ ಅಲ್ಲಿ ನಿಂತಿರುತ್ತದೆ. ಅಂಥವರು ಎತ್ತರಕ್ಕೆ ಇನ್ನೂ ಹೆಚ್ಚು ಗಮನ ಕೊಡಬೇಕು.

ಏರಿಸುವಾಗ ಕೇಬಲ್ ಉದ್ದವಾಗುತ್ತದೆ, ಕೇಬಲ್ ತಾನೂ ತಿನ್ನುತ್ತದೆ. ಇಲ್ಲಿ ಡೆಸಿಬೆಲ್ ಲೆಕ್ಕ ತಿಳಿದಿರಬೇಕು: 3 ಡೆಸಿಬೆಲ್ ನಷ್ಟವೆಂದರೆ ಅರ್ಧ ಉಳಿಯಿತು, 10 ಎಂದರೆ ಹತ್ತರಲ್ಲೊಂದು ಉಳಿಯಿತು. ಎಫ್‌ಎಂ ಆವೃತ್ತಿಯಲ್ಲಿ 15 ಮೀಟರ್ ಆರ್‌ಜಿ-6 ಸುಮಾರು 1 ಡೆಸಿಬೆಲ್ ತಿನ್ನುತ್ತದೆ, ಅದನ್ನು ಮರೆತುಬಿಡಬಹುದು. ಆದರೆ ವೈಫೈ ಆವೃತ್ತಿಯಲ್ಲಿ ತೆಳುವಾದ ಆರ್‌ಜಿ-58 ಕೇಬಲ್ ಮೀಟರಿಗೇ ಹತ್ತಿರ ಹತ್ತಿರ 1 ಡೆಸಿಬೆಲ್ ನುಂಗುವುದರಿಂದ, ಹತ್ತು ಮೀಟರ್ ಎಳೆದವರಿಗೆ ಕೊನೆಯಲ್ಲಿ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ಬೂಸ್ಟರ್ ಬೇಕೇ ಬೇಕು ಎಂದಾದರೆ ಅದನ್ನು ರೇಡಿಯೋದ ಪಕ್ಕದಲ್ಲಿಡದೆ ಆಂಟೆನಾದ ಬುಡದಲ್ಲಿಡಬೇಕಾದದ್ದು ಇದಕ್ಕೆ: ಕೇಬಲ್ಲಿನಲ್ಲಿ ಸೊರಗಿದ ಮೇಲೆ ಹಿಗ್ಗಿಸಿದರೆ ಸಂಕೇತದ ಜೊತೆ ಗದ್ದಲವೂ ಅಷ್ಟೇ ಹಿಗ್ಗುತ್ತದೆ. ಮೊಬೈಲ್ ಸಿಗ್ನಲ್ ಬೂಸ್ಟರುಗಳ ವಿಷಯವೇ ಬೇರೆ. ಪರವಾನಗಿಯಿಲ್ಲದೆ ಅವನ್ನು ಹಾಕಿಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ, ನೆರೆಯವರ ಮೊಬೈಲನ್ನೂ ಅವು ಕೆಡಿಸುತ್ತವೆ.

ಊರಿನೊಳಗೆ ಅಲೆಯ ಹಾದಿ

ಸಿಲ್ಕ್ ಬೋರ್ಡಿನ ಸಿಗ್ನಲಿನಲ್ಲಿ ಕಾರು ನಿಂತಾಗ ಎಫ್‌ಎಂ ಇದ್ದಕ್ಕಿದ್ದಂತೆ ಕೆಟ್ಟು, ಮುಂದಿನ ಗಾಡಿ ಸರಿದು ನಮ್ಮದೂ ಮೂರಡಿ ಮುಂದೆ ಹೋದೊಡನೆ ಸರಿಯಾಗುವುದನ್ನು ಗಮನಿಸಿರಬಹುದು. ಒಂದೇ ಪ್ರಸಾರ ನೇರವಾಗಿಯೂ, ಮೇಲ್ಸೇತುವೆಗೆ ಬಡಿದೂ, ಗಾಜಿನ ಕಟ್ಟಡಕ್ಕೆ ಬಡಿದೂ ಬಂದಾಗ, ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದ ಜಾಗದಲ್ಲಿ ಸಂಕೇತ ಕುಸಿಯುತ್ತದೆ. ಈ ಗುಂಡಿಗಳ ನಡುವಿನ ಅಂತರ ಕಡಿಮೆಯೆಂದರೆ ಅರ್ಧ ಅಲೆಯ ಆಸುಪಾಸು. ಎಫ್‌ಎಂಗೆ ಒಂದೂವರೆ ಮೀಟರ್, ವೈಫೈಗೆ 6 ಸೆಂಟಿಮೀಟರ್. ಆದ್ದರಿಂದ ತಾರಸಿಯಲ್ಲಿ ಕಂಬಕ್ಕೆ ಸಿಮೆಂಟು ಹಾಕುವ ಮೊದಲು ಅದನ್ನು ಒಂದೊಂದು ಹೆಜ್ಜೆಯಂತೆ ನಾಲ್ಕಾರು ಕಡೆ ನಿಲ್ಲಿಸಿ ಕೇಳಬೇಕು. ನೀರಿನ ಟ್ಯಾಂಕು, ಸೋಲಾರ್ ಹೀಟರಿನ ಫಲಕ, ತಗಡಿನ ಚಾವಣಿ ಇವುಗಳಿಂದ ಒಂದೆರಡು ಮೀಟರಾದರೂ ದೂರವಿರಲಿ.

ವೈಫೈಗೂ ಇದೇ ನಿಯಮಗಳು ಚಿಕ್ಕ ಅಳತೆಯಲ್ಲಿ ಅನ್ವಯಿಸುತ್ತವೆ. ರೂಟರಿನ ನಿಂತ ಕಡ್ಡಿ ಸುತ್ತಲೂ ಹರಡುತ್ತದೆಯೇ ಹೊರತು ತನ್ನ ತುದಿಯ ನೇರಕ್ಕೆ ಅಲ್ಲ; ಮೇಲಿನ ಮಹಡಿಗೂ ಬೇಕಾದರೆ ಒಂದು ಕಡ್ಡಿಯನ್ನು ಅಡ್ಡ ಮಲಗಿಸಬೇಕು. ಕಬ್ಬಿಣದ ಬೀರು, ಕನ್ನಡಿ, ತುಂಬಿದ ನೀರಿನ ಡ್ರಮ್ಮು ದಾರಿಗಡ್ಡವಿರಬಾರದು. 5 ಗಿಗಾಹರ್ಟ್ಸ್ ವೇಗವಾದದ್ದಾದರೂ ಅದೇ ದೂರಕ್ಕೆ 2.4ಕ್ಕಿಂತ ಸುಮಾರು 7 ಡೆಸಿಬೆಲ್ ಕಡಿಮೆ ತಲುಪುತ್ತದೆ, ಗೋಡೆಗಳ ನಷ್ಟ ಅದರ ಮೇಲೆ. ಒಂದು ತಾರಸಿಯಿಂದ ಇನ್ನೊಂದು ತಾರಸಿಗೆ ಕಿಲೋಮೀಟರ್ ದೂರ 5.8 ಗಿಗಾಹರ್ಟ್ಸ್ ಕೊಂಡಿ ಹಾಕುವವರು, ಎರಡರ ನಡುವೆ ಕಣ್ಣಿಗೆ ದಾರಿ ಕಂಡರೆ ಸಾಕೆಂದು ಭಾವಿಸಬಾರದು. ನಡುದಾರಿಯಲ್ಲಿ ಗೆರೆಯ ಸುತ್ತ 3.6 ಮೀಟರ್ ತ್ರಿಜ್ಯದ ಜಾಗವನ್ನು ಅಲೆ ಬಳಸುತ್ತದೆ, ಆ ತ್ರಿಜ್ಯದಲ್ಲಿ ನೂರಕ್ಕೆ ಅರವತ್ತು ಪಾಲಾದರೂ ತೆರವಿರಬೇಕು. ಬೇಸಿಗೆಯಲ್ಲಿ ಸರಿಯಿದ್ದ ಕೊಂಡಿ ಮಳೆಗಾಲದಲ್ಲಿ ಕೆಟ್ಟರೆ, ನಡುವೆ ಚಿಗುರಿ ನೆನೆದ ಮರವನ್ನು ಮೊದಲು ಅನುಮಾನಿಸಿ.

ಮಧ್ಯಮ ತರಂಗ ಮತ್ತು ಮನೆಯ ಗದ್ದಲ

490 ಮೀಟರಿನ ಅಲೆ ನೆಲವನ್ನು ತಬ್ಬಿಕೊಂಡು ಸಾಗುತ್ತದೆ, ಗುಡ್ಡಗಳಿಗೆ ಅಂಜುವುದಿಲ್ಲ. ರಾತ್ರಿ ಅದಕ್ಕೆ ಇನ್ನೊಂದು ದಾರಿ ತೆರೆಯುತ್ತದೆ. ಹಗಲಿನಲ್ಲಿ, ವಾಯುಮಂಡಲದ ಮೇಲ್ಭಾಗದಲ್ಲಿರುವ ಅಯಾನುಗೋಳದ ಕೆಳಪದರ ಈ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಮೇಲಿನ ಪದರಗಳು ಅವನ್ನು ಭೂಮಿಗೆ ಹಿಂದಿರುಗಿಸುತ್ತವೆ. ರಸ್ತೆಯಲ್ಲಿ ನಾನೂರು ಕಿಲೋಮೀಟರಿಗೂ ದೂರದ ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್ ಪ್ರಸಾರವನ್ನು ಹುಡುಕಲು ರಾತ್ರಿ ಊಟದ ನಂತರದ ಹೊತ್ತೇ ತಕ್ಕದ್ದು. ಅದು ಒಮ್ಮೆ ಏರಿ ಒಮ್ಮೆ ಇಳಿಯುತ್ತ ಬಂದರೆ ರೇಡಿಯೋದ ದೋಷವಲ್ಲ, ಮೇಲಿನ ಪದರಗಳ ಓಲಾಟ. ಇಲ್ಲಿ ಎಳೆಯುವ ಕಡ್ಡಿಗೆ ಕೆಲಸವಿಲ್ಲ. ಪೆಟ್ಟಿಗೆಯೊಳಗಿನ ಫೆರೈಟ್ ಸರಳೇ ಆಂಟೆನಾ. ಆದ್ದರಿಂದ ರೇಡಿಯೋವನ್ನೇ ತಿರುಗಿಸಬೇಕು. ಇನ್ನೂ ಬೇಕೆನ್ನುವವರು 60 ಸೆಂಟಿಮೀಟರ್ ಚೌಕದ ಮರದ ಚೌಕಟ್ಟಿಗೆ ಹನ್ನೊಂದು ಹನ್ನೆರಡು ಸುತ್ತು ತಂತಿ ಸುತ್ತಿ, ಎರಡು ತುದಿಗಳ ನಡುವೆ ಹಳೆಯ ರೇಡಿಯೋದ ಗ್ಯಾಂಗ್ ಕಂಡೆನ್ಸರ್ ಜೋಡಿಸಿ, ಪೆಟ್ಟಿಗೆಯ ಪಕ್ಕದಲ್ಲಿಟ್ಟು ತಿರುವಬಹುದು. ಯಾವ ವೈರನ್ನೂ ರೇಡಿಯೋಗೆ ಮುಟ್ಟಿಸಬೇಕಾಗಿಲ್ಲ.

ಮಧ್ಯಮ ತರಂಗ ಕೇಳದಿರುವುದಕ್ಕೆ ಈಗೀಗ ದೊಡ್ಡ ಕಾರಣ ಸಂಕೇತದ ಕೊರತೆಯಲ್ಲ, ಎಲ್‌ಇಡಿ ಬಲ್ಬು, ಚಾರ್ಜರ್, ಯುಪಿಎಸ್‌ಗಳ ಗದ್ದಲ. ಬ್ಯಾಟರಿ ಹಾಕಿದ ರೇಡಿಯೋವನ್ನು ಎರಡು ಕೇಂದ್ರಗಳ ನಡುವಿನ ಖಾಲಿ ಜಾಗಕ್ಕೆ ತಿರುಗಿಸಿ, ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ, ಆಮೇಲೆ ಒಂದೊಂದೇ ಎಂಸಿಬಿಯನ್ನು ಮೇಲೆತ್ತುತ್ತ ಹೋಗಿ. ಯಾವುದಕ್ಕೆ ಗುರ್ರೆಂಬ ಸದ್ದು ಹಿಂದಿರುಗುತ್ತದೆಯೋ ಕಳ್ಳ ಆ ಸಾಲಿನಲ್ಲಿದ್ದಾನೆ. ನನ್ನ ಮನೆಯಲ್ಲಿ ಸಿಕ್ಕಿದ್ದು ದೇವರಮನೆಯ ಪುಟ್ಟ ಮಿಣಮಿಣ ದೀಪದ ಅಡಾಪ್ಟರು.

ಹೊರಗೆ ಕಳಿಸಬೇಕೆಂದರೆ

ಕೇಳುವ ಆಂಟೆನಾದಲ್ಲಿ ಒಂದೆರಡು ಸೆಂಟಿಮೀಟರ್ ತಪ್ಪಿದರೂ ನಡೆಯುತ್ತದೆ, ಕಳಿಸುವುದರಲ್ಲಿ ನಡೆಯದು. ಅದಕ್ಕೆ ಮೊದಲು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಪರವಾನಗಿ ಪಡೆಯಬೇಕು. ಆಮೇಲೆ ಮೊದಲ ಆಂಟೆನಾ ಎಂದು ನಾನು ಸೂಚಿಸುವುದು 144ರಿಂದ 146 ಮೆಗಾಹರ್ಟ್ಸ್ ಪಟ್ಟಿಗೆ ಕಾಲು ಅಲೆಯ ಗ್ರೌಂಡ್ ಪ್ಲೇನ್. ನಾಲ್ಕು ಮೂಲೆಗಳಲ್ಲಿ ತೂತಿರುವ ಫಲಕದ ಸಾಕೆಟ್ಟೊಂದರ ನಡುವೆ 49 ಸೆಂಟಿಮೀಟರಿನ ಹಿತ್ತಾಳೆ ಕಡ್ಡಿಯನ್ನು ನೆಟ್ಟಗೆ ಬೆಸೆದು, ನಾಲ್ಕು ತೂತುಗಳಿಗೆ 52 ಸೆಂಟಿಮೀಟರಿನ ನಾಲ್ಕು ಕಡ್ಡಿಗಳನ್ನು 45 ಡಿಗ್ರಿ ಕೆಳಕ್ಕೆ ಬಾಗಿಸಿ ಬಿಗಿದರೆ ಅದು 50 ಓಮಿಗೆ ಹತ್ತಿರ ಬರುತ್ತದೆ. ನಡುಗಡ್ಡಿಯನ್ನು ಮೊದಲು 51ಕ್ಕೆ ಕತ್ತರಿಸಿಕೊಳ್ಳಿ. ಆಂಟೆನಾದಿಂದ ಎಷ್ಟು ಶಕ್ತಿ ಹಿಂದಕ್ಕೆ ಪುಟಿಯುತ್ತದೆಂದು ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರಿನ ಕನಿಷ್ಠ ಬಿಂದು 145ಕ್ಕಿಂತ ಕೆಳಗೆ ಕಂಡರೆ ಕಡ್ಡಿ ಉದ್ದವಾಯಿತೆಂದು ತಿಳಿದು, ಒಂದು ಮೆಗಾಹರ್ಟ್ಸ್ ಏರಿಸಲು ಸುಮಾರು 3.4 ಮಿಲಿಮೀಟರಿನಂತೆ ಅರದಿಂದ ಉಜ್ಜುತ್ತ ಬನ್ನಿ. 1.5ರ ಒಳಗೆ ಬಂದರೆ ಕೈಬಿಡಿ. 2ರಲ್ಲೂ ಹಿಂದಿರುಗುವುದು ಶೇಕಡ 11 ಮಾತ್ರ, 1.1ಕ್ಕೆ ತರಲೆಂದು ದಿನಗಟ್ಟಲೆ ಕೂರುವುದರಲ್ಲಿ ಅರ್ಥವಿಲ್ಲ.

ಸಿಡಿಲು, ಮಳೆ, ಕರೆಂಟಿನ ತಂತಿ

ಕಂಬ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿರಬೇಕು, ಅದನ್ನು ಎತ್ತುವಾಗ ಇಬ್ಬರಿರಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ಕಿರಿದಾದ ಅಡ್ಡರಸ್ತೆಗಳಲ್ಲಿ ತಂತಿಗಳು ಬಾಲ್ಕನಿಗೆ ಕೈಗೆಟುಕುವಂತೆ ಹಾದುಹೋಗುವ ನಮ್ಮ ಊರಿನಲ್ಲಿ, ಜಾಗವೇ ಇಲ್ಲದಿದ್ದರೆ ಕಿಟಕಿಯೊಳಗೇ ಡೈಪೋಲ್ ತೂಗುಹಾಕಿ ತೃಪ್ತರಾಗುವುದು ವಿವೇಕ.

ನನ್ನ ಮೊದಲ ಡೈಪೋಲ್ ಒಂದು ವರ್ಷ ಚೆನ್ನಾಗಿದ್ದು ಕ್ರಮೇಣ ಮಂಕಾಯಿತು. ಇಳಿಸಿ ನೋಡಿದಾಗ, ಮೇಲ್ತುದಿಯಲ್ಲಿ ತೆರೆದಿದ್ದ ಜಾಲರಿಯ ಮೂಲಕ ನೀರು ಒಳಗಿಳಿದು ಎರಡು ಮೀಟರಿನಷ್ಟು ಕೇಬಲ್ ಹಸಿರು ಕಟ್ಟಿತ್ತು. ಅಂದಿನಿಂದ ಜೋಡಣೆಗೆ ಸಿಲಿಕೋನ್ ತುಂಬಿ, ಮೇಲೆ ಸ್ವಯಂ ಬೆಸೆಯುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತುತ್ತೇನೆ. ಕೇಬಲ್ ಗೋಡೆಯೊಳಗೆ ನುಗ್ಗುವ ಮುನ್ನ ಹೊರಗೆ ಒಂದು ಗೇಣು ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತೆ ಬಾಗಿಸುತ್ತೇನೆ, ಹರಿದುಬಂದ ಮಳೆನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಲೋಹದ ಕಂಬವಾದರೆ ಅದನ್ನು ದಪ್ಪ ತಾಮ್ರದ ತಂತಿಯಿಂದ ಅರ್ಥಿಂಗ್ ಗುಂಡಿಗೆ ಜೋಡಿಸಬೇಕು. ಅರ್ಥಿಂಗ್ ಇದ್ದರೂ ಹತ್ತಿರದ ಸಿಡಿಲಿಗೆ ರೇಡಿಯೋ ಉಳಿಯುತ್ತದೆಂಬ ಭರವಸೆಯಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮೋಡ ಕಪ್ಪಾಗಿ ಮಧ್ಯಮ ತರಂಗದಲ್ಲಿ ಚಟಚಟ ಸದ್ದು ಶುರುವಾದರೆ, ಗುಡುಗು ಕಿವಿಗೆ ಬೀಳುವ ಮೊದಲೇ ಕೇಬಲ್ಲನ್ನು ರೇಡಿಯೋದಿಂದ ಬಿಚ್ಚಿ, ಅದರ ತುದಿಯನ್ನು ಕಿಟಕಿಯಾಚೆ ಹಾಕಿ. ಗುಡುಗು ಶುರುವಾದ ಮೇಲೆ ನೆನಪಾದರೆ ಕೇಬಲ್ಲನ್ನು ಮುಟ್ಟಬೇಡಿ, ತಾರಸಿಗೂ ಹೋಗಬೇಡಿ.